ನೋಖದಾನಿಗೆ ಚೀನಾದ ಸಂಬಂಧ

ನವೆಂಬರ್ ಇಪ್ಪತ್ತೊಂದಕ್ಕೆ ನನ್ನ ಹೆಂಡತಿ ಕಾರ್ಮೆಲ್ ತೀರಿಕೊಂಡು ಒಂದು ವರ್ಷ. ಆ ಬೆಳಿಗ್ಗೆ ಶಿರ್ವದ ಹತ್ತಿರದ ನಮ್ಮ ಊರಿನ ಇಗರ್ಜಿಯಲ್ಲಿ ಅವಳ ಆತ್ಮಕ್ಕಾಗಿ ಬಲಿಪೂಜೆಗೆ ಹೇಳಿಟ್ಟಿದ್ದೆ. ಮಗಳು ಲೊರೈನ್ ಮಸ್ಕತ್ತಿನಿಂದ ಬರುವುದೆಂದು ಆಗಿತ್ತು. ನನ್ನ ಟಿಕೆಟ್ಟೂ ಆಗಿತ್ತು. ಆಗದೆ ಉಳಿದದ್ದು ಒಂದೇ ಒಂದು. ಕುವೈತಿನಿಂದ ಹೊರಗೆ ಹೋಗಬೇಕಾದರೆ ಈಗ ಕೆಲಸ ಕೊಟ್ಟವರ ಒಪ್ಪಿಗೆ ಬೇಕು. ನಾವು ಫೋನಿನಲ್ಲಿ ಅರ್ಜಿ ಹಾಕಬೇಕು, ಅವರು ತಮ್ಮ ಫೋನಿನಲ್ಲಿ ಒಂದು ಗುಂಡಿ ಒತ್ತಬೇಕು. ನನ್ನ ಕಫೀಲರಾದ, ಎಂದರೆ ಕೆಲಸ ಕೊಟ್ಟ ಯಜಮಾನರಾದ ಅಬು ಬದರ್ ಅವರ ಬೆರಳು ಆ ಗುಂಡಿಯ ಮೇಲೆ ಬೀಳದೆ ಹತ್ತು ದಿನವಾಗಿತ್ತು.

ಅವರು ಕೆಟ್ಟವರಲ್ಲ. ಕಾರ್ಮೆಲಳ ಶವಪೆಟ್ಟಿಗೆ ವಿಮಾನ ಹತ್ತುವ ತನಕ ನನ್ನ ಪಕ್ಕದಲ್ಲೇ ನಿಂತಿದ್ದವರು. ರಜೆ ಕೊಡುವುದಿಲ್ಲ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಕೇಳಿದಾಗಲೆಲ್ಲ ಎದೆಯ ಮೇಲೆ ಕೈಯಿಟ್ಟು, "ರುಡಾಲ್ಫ್, ಚೀನಾದ ಮಾತು ಮುಗಿಯಲಿ. ಹೌದೋ ಅಲ್ಲವೋ ಒಂದು ಗೊತ್ತಾಗಲಿ. ಗೊತ್ತಾದ ದಿನವೇ ನೀನು ಹೋಗು, ಇನ್‌ಶಾ ಅಲ್ಲಾ" ಎನ್ನುತ್ತಿದ್ದರು.

ಚೀನಾ ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ನನ್ನ ಕಷ್ಟವೆಲ್ಲ ಅಲ್ಲೇ ಇತ್ತು.

ವಿಷಯ ಹೀಗೆ. ನಮ್ಮ ಕಂಪನಿ ಮೊದಲು ಫ್ಯಾನು, ಫ್ರಿಜ್ಜು ಮಾರುತ್ತಿತ್ತು. ಅದರ ಸ್ಟೋರಿನಲ್ಲಿ ನಾನು ಮೂವತ್ತೊಂದು ವರ್ಷದಿಂದ ಇದ್ದೇನೆ. ನಾಲ್ಕು ವರ್ಷದ ಹಿಂದೆ ಅಬು ಬದರ್ ಅವರಿಗೆ ಸ್ವಂತ ಫೋನು ಮಾಡಬೇಕೆಂಬ ಆಸೆ ಹುಟ್ಟಿತು. ಅದಕ್ಕೆ 'ನೋಖದಾ' ಎಂದು ಹೆಸರಿಟ್ಟರು. ಮುತ್ತು ತೆಗೆಯಲು ಹೋಗುತ್ತಿದ್ದ ಹಾಯಿಹಡಗಿನ ಯಜಮಾನನಿಗೆ ಇಲ್ಲಿ ಹಾಗೆನ್ನುತ್ತಾರೆ. ಅವರ ಅಜ್ಜ ನೋಖದಾ ಆಗಿದ್ದವರು. ಫೋನಿನಲ್ಲಿ ದೊಡ್ಡ ಅಕ್ಷರ, ಜೋರಾದ ರಿಂಗು, ಮೂರು ದಿನ ಬರುವ ಬ್ಯಾಟರಿ, ಮತ್ತು ಪ್ರಾರ್ಥನೆಯ ಗಂಟೆ. ಆ ಗಂಟೆಯನ್ನು ಅವರು ಐದು ಹೊತ್ತಿನ ನಮಾಜಿಗೆಂದು ಮಾಡಿಸಿದ್ದರು. ನಾನು ಅದನ್ನು ಮಧ್ಯಾಹ್ನ ಹನ್ನೆರಡರ ತ್ರಿಕಾಲ ಪ್ರಾರ್ಥನೆಗೆ ಇಟ್ಟುಕೊಂಡಿದ್ದೆ. ಕಾರ್ಮೆಲ್ ಜಾಬ್ರಿಯಾದ ಆಸ್ಪತ್ರೆಯಲ್ಲಿ ನರ್ಸು. ಹನ್ನೆರಡಕ್ಕೆ ಸರಿಯಾಗಿ ಅವಳು ಅಲ್ಲಿ, ನಾನು ಸ್ಟೋರಿನಲ್ಲಿ, ಒಂದೇ ಹೊತ್ತಿಗೆ ಕೈಮುಗಿಯುತ್ತಿದ್ದೆವು.

ಕುವೈತಿನ ಮುದುಕರಿಗೆ ನೋಖದಾ ಹಿಡಿಸಿತು. ಹಿಡಿಸಿದ್ದೇ ತಪ್ಪಾಯಿತು. ನಮ್ಮ ಸೇಲ್ಸ್ ಮ್ಯಾನೇಜರ್ ಸುಕೇಶ್ ಅಬು ಬದರ್ ಅವರ ಕಿವಿಯಲ್ಲಿ ಚೀನಾ ಎಂಬ ಶಬ್ದ ಹಾಕಿದ. ಇವನು ಮೂಲ್ಕಿಯ ಕಡೆಯ ತುಳುವ. ನಮ್ಮ ಊರಿನ ಹಿಂದೂಗಳು ಕ್ರೈಸ್ತ ಹಿರಿಯರನ್ನು ಹಿಂದೆ ಕರೆಯುತ್ತಿದ್ದ ಹಾಗೆ ನನ್ನನ್ನು 'ಪೊರ್ಬುಗಳೇ' ಎನ್ನುತ್ತಾನೆ, ಅರ್ಧ ಗೌರವಕ್ಕೆ, ಅರ್ಧ ತಮಾಷೆಗೆ.

"ಪೊರ್ಬುಗಳೇ, ನೂರ ನಲವತ್ತು ಕೋಟಿ ಜನ ಮಾರ್ರೆ! ಸಾವಿರಕ್ಕೆ ಒಬ್ಬ ತಗೊಂಡ್ರೂ ಎಷ್ಟಾಯ್ತು ಹೇಳಿ?"

"ಹದಿನಾಲ್ಕು ಲಕ್ಷ."

"ಅದೇ! ನಿಮ್ಮ ಸ್ಟೋರಲ್ಲಿ ಜಾಗ ಉಂಟಾ ಅಷ್ಟಕ್ಕೆ?"

"ಫೋನು ತಯಾರಾಗುವುದೇ ಚೀನಾದಲ್ಲಿ. ಅಲ್ಲಿಂದ ತಂದು ಪುನಃ ಅಲ್ಲಿಗೇ ಮಾರುವುದೋ?"

ಈ ಪ್ರಶ್ನೆಯನ್ನು ನಾನು ಅಬು ಬದರ್ ಅವರಲ್ಲೂ ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. "ಅವರೇ ಮಾಡಿದ್ದು ರುಡಾಲ್ಫ್. ಅವರಿಗೇ ಇಷ್ಟವಾಗದೆ ಇರುತ್ತದೆಯೇ?"

ಹಾಗೆ ಬಂದವರು ಶ್ರೀ ಶೆನ್. ಗುವಾಂಗ್‌ಝೌ ನಗರದವರು, ಐವತ್ತೈದರ ಸುಮಾರು, ತೆಳ್ಳಗೆ, ಮೃದು ಮಾತಿನ ಮನುಷ್ಯ. ಅಲ್ಲಿ ನೂರಾರು ಅಂಗಡಿಗಳಿಗೆ ಫೋನು ಹಂಚುವ ವ್ಯಾಪಾರ. ಅವರಿಗೆ ಇಂಗ್ಲಿಷ್ ಸುಮಾರು ಮೂವತ್ತು ಶಬ್ದ ಬರುತ್ತಿತ್ತು. ಉಳಿದದ್ದನ್ನು ಅವರ ಕೈಯಲ್ಲಿದ್ದ ಅವರ ದೇಶದ ಫೋನು ಯಾವ ಭಾಷೆಗೆ ಬೇಕಾದರೂ ತಿರುಗಿಸಿ ಗಟ್ಟಿಯಾಗಿ ಹೇಳುತ್ತಿತ್ತು. ಮೂರು ದಿನಕ್ಕೆಂದು ಬಂದವರು. ಅತಿಥಿಯನ್ನು ಹೋಟೆಲಿನಿಂದ ಕರೆತರುವುದು, ನೋಡಿಕೊಳ್ಳುವುದು, ನೋಖದಾದ ಮಾದರಿಗಳನ್ನು ಮುಂದಿಡುವುದು ನನ್ನ ಕೆಲಸ. ಅವರು ಇರುವ ತನಕ ನಾನೂ ಇರಬೇಕು.

ಮೊದಲ ದಿನ ಅಬು ಬದರ್ ಒಂದು ಕುರಿ ಕಡಿಸಿದರು. ಅನ್ನದ ಗುಡ್ಡದ ಮೇಲೆ ಇಡೀ ಕುರಿ ಕೂತಿತ್ತು. ಊಟವಾಗಿ, ಮಾತಾಗಿ, ಕೊನೆಗೆ ಶೆನ್ ಅವರ ಫೋನು ಹೆಣ್ಣು ದನಿಯಲ್ಲಿ ಅರಬ್ಬಿಯಲ್ಲಿ ಹೇಳಿತು: "ಬಹಳ ಒಳ್ಳೆಯ ಫೋನು. ನಾವು ಇದನ್ನು ಕೂಲಂಕಷವಾಗಿ ಅಧ್ಯಯನ ಮಾಡುತ್ತೇವೆ."

"ಎಷ್ಟು ಆಳದ ಜನ!" ಎಂದು ಅಬು ಬದರ್ ಹೊಗಳಿ, ಮರುದಿನಕ್ಕೆ ಇನ್ನೊಂದು ಕುರಿಗೆ ಹೇಳಿದರು. ಮರುದಿನವೂ ಅಧ್ಯಯನ. ಅದರ ಮರುದಿನವೂ ಅಧ್ಯಯನ. ಮೂರು ದಿನ ಹನ್ನೊಂದಾಯಿತು. ಶೆನ್ ಅವರ ಪ್ಯಾಂಟು ಬಿಗಿಯಾಯಿತು. ಸುಕೇಶ್ ಪ್ರತಿ ಸಂಜೆ, "ಡೀಲ್ ಆಯ್ತು ಅಂತ್ಲೇ ಲೆಕ್ಕ ಪೊರ್ಬುಗಳೇ" ಎಂದು ನನ್ನ ಬೆನ್ನು ತಟ್ಟುತ್ತಿದ್ದ.

ನನಗೆ ಎರಡನೆಯ ದಿನವೇ ಅನುಮಾನ ಬಂದಿತ್ತು. ನಾನು ರಾಯ್ಬಾರಿಯ ಗಂಡ.

ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಸಂಬಂಧ ಕೂಡಿಸುವವರನ್ನು ರಾಯ್ಬಾರಿ ಎನ್ನುತ್ತಾರೆ. ಕಾರ್ಮೆಲ್ ವಾರದಲ್ಲಿ ಐದು ದಿನ ರೋಗಿಗಳನ್ನು ನೋಡಿಕೊಂಡು, ಉಳಿದ ಎರಡು ದಿನ ಫಿಂಟಾಸಿನ ನಮ್ಮ ಫ್ಲಾಟಿನಲ್ಲಿ ಕೂತು ಈ ಕೆಲಸ ಮಾಡುತ್ತಿದ್ದಳು. ಅವಳು ಕೂಡಿಸಿದ ಮದುವೆ ನಲವತ್ತಮೂರು. ಆದರೆ ಅವಳ ನಿಜವಾದ ಜಾಣತನ ಇದ್ದದ್ದು ಸಂಬಂಧ ಮುರಿಯುವುದರಲ್ಲಿ. ತಿಂಡಿ ತಿಂದು, ಚಾ ಕುಡಿದು ಎದುರು ಕೂತವರಿಗೆ ಬೇಡ ಎಂದು ಯಾರೂ ಹೇಳುವುದಿಲ್ಲ. 'ನೋಡುವಾ' ಎನ್ನುತ್ತಾರೆ. ಒಂದು ಕಡೆಯವರು ಅದನ್ನು ಬೇಡ ಎಂದು ಹೇಳಿರುತ್ತಾರೆ, ಇನ್ನೊಂದು ಕಡೆಯವರು ಸೀರೆ ತೆಗೆಯಲು ಹೊರಟಿರುತ್ತಾರೆ. ಆಗ ಕಾರ್ಮೆಲ್ ಬೇಕಾಗುತ್ತಿತ್ತು.

ಅವಳ ಕ್ರಮದಲ್ಲಿ ಎರಡು ಮೆಟ್ಟಿಲು. ಮೊದಲು, ಬೇಡ ಎನ್ನಬೇಕಾದವರು ತಮ್ಮನ್ನು ತಾವೇ ಇಳಿಸಿಕೊಳ್ಳಬೇಕು: ನಿಮ್ಮ ಹುಡುಗ ದೊಡ್ಡವನು, ನಮ್ಮ ಮನೆ ಅವನಿಗೆ ಸಾಲದು. ಅಷ್ಟಕ್ಕೆ ಎದುರಿನವರು ಬಿಡದೆ, ಪರವಾಗಿಲ್ಲ ಹೊಂದಿಕೊಳ್ಳುತ್ತೇವೆ ಎಂದರೆ ಎರಡನೆಯ ಮೆಟ್ಟಿಲು: ಹೊಂದಿಕೊಳ್ಳಲು ಏನೇನು ಬಿಡಬೇಕು ಎಂದು ಮೆತ್ತಗೆ ಎಣಿಸಿ ಹೇಳುವುದು. ಎಲ್ಲಿ ಅವರ ಮಾನಕ್ಕೆ ತಾಗುತ್ತದೋ ಅಲ್ಲಿ ಅವರೇ ಎದ್ದು ಬಿಡುತ್ತಾರೆ. ಎದ್ದವರಿಗೆ ತಾವೇ ಎದ್ದೆವೆಂಬ ಸಮಾಧಾನ, ಕೂತವರಿಗೆ ತಾವು ಎಬ್ಬಿಸಲಿಲ್ಲ ಎಂಬ ಸಮಾಧಾನ. ಒಂದೇ ನಿಯಮ, ಸುಳ್ಳು ಹೇಳಬಾರದು. "ಸುಳ್ಳು ಹೇಳಿದರೆ ನಾನು ರಾಯ್ಬಾರಿ ಅಲ್ಲ, ದಲ್ಲಾಳಿ" ಎನ್ನುತ್ತಿದ್ದಳು.

ಹನ್ನೊಂದನೆಯ ದಿನ, ಗುರುವಾರ ಬೆಳಿಗ್ಗೆ, ಶೆನ್ ಅವರನ್ನು ಗಾಳಿಗೆಂದು ಫಿಂಟಾಸಿನ ಕಡಲ ದಂಡೆಗೆ ಕರೆದುಕೊಂಡು ಹೋದೆ. ಸುಕೇಶನೂ ಬಂದಿದ್ದ. ಅವನು ಕಾಯಲಾರದೆ ಶೆನ್ ಅವರ ಫೋನಿಗೆ ಬಾಯಿಟ್ಟು, "ಸರ್, ಒಮ್ಮೆ ಕನ್ಫರ್ಮ್ ಮಾಡಿ ಬಿಡಿ ಮಾರ್ರೆ, ನಮ್ಗೆ ಇಲ್ಲಿ ಎಂತ ಟೆನ್ಶನ್ ಗೊತ್ತುಂಟಾ" ಎಂದ.

ಫೋನು ಸ್ವಲ್ಪ ಯೋಚಿಸಿ, "ದಯವಿಟ್ಟು ಮತ್ತೊಮ್ಮೆ ಹೇಳಿ" ಎಂದಿತು. ಮತ್ತೊಮ್ಮೆ ಹೇಳಿದ. ಮತ್ತೊಮ್ಮೆ ಕೇಳಿತು.

"ಇದಕ್ಕೆ ಕನ್ನಡ ಬರುದಿಲ್ಲ ಪೊರ್ಬುಗಳೇ."

"ಇತ್ತ ಕೊಡು" ಎಂದೆ. ಗಂಟಲು ಸರಿಮಾಡಿಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುತ್ತಿದ್ದ ಹಾಗೆ ಬಿಡಿಸಿ ಬಿಡಿಸಿ ಹೇಳಿದೆ: "ಮಹನೀಯರೇ, ನಿಮಗೆ ನಿಮ್ಮ ಊರಿಗೆ ಹಿಂತಿರುಗುವ ಆಸೆ ಇದೆಯೇ?"

ಫೋನು ಒಂದು ಕ್ಷಣವೂ ತಡೆಯಲಿಲ್ಲ. ಚೀನೀ ಭಾಷೆಯಲ್ಲಿ ಹೇಳಿ ಮುಗಿಸುವ ಮೊದಲೇ ಶೆನ್ ಅವರ ಕಣ್ಣು ತುಂಬಿತು. ಐದನೆಯ ತರಗತಿಯಲ್ಲಿ ಕೊರಗಪ್ಪ ಮಾಸ್ತರರು ಬೆತ್ತ ಹಿಡಿದು ಕಲಿಸಿದ ಕನ್ನಡ ಚೀನಾದ ಯಂತ್ರಕ್ಕೆ ಅರ್ಥವಾಯಿತೆಂದು ನನಗೂ ಸ್ವಲ್ಪ ಹೆಮ್ಮೆಯಾಯಿತು.

"ಇದೆ," ಎಂದಿತು ಫೋನು, ಅವರ ಮಾತನ್ನು ಶುದ್ಧ ಕನ್ನಡಕ್ಕೆ ತಿರುಗಿಸಿ. "ನನ್ನ ಮೊಮ್ಮಗನಿಗೆ ನೂರು ದಿನ ತುಂಬುತ್ತಿದೆ. ಭಾನುವಾರ ಔತಣ. ನಾನು ಹೇಗೆ ಹೋಗಲಿ?"

"ಈ ಫೋನನ್ನು ನೀವು ನಿಮ್ಮ ದೇಶದಲ್ಲಿ ಮಾರುವಿರಾ?"

ಶೆನ್ ಸುತ್ತಮುತ್ತ ನೋಡಿದರು. ಕಡಲಕಾಗೆಗಳ ಹೊರತು ಯಾರೂ ಇರಲಿಲ್ಲ. ಹನ್ನೊಂದು ದಿನ ಕಟ್ಟಿಟ್ಟದ್ದು ಆಮೇಲೆ ಒಮ್ಮೆಲೇ ಹೊರಗೆ ಬಂತು.

"ನನ್ನ ತಾಯಿಗೆ ಎಂಬತ್ತೆರಡು ವರ್ಷ. ಅವಳು ತರಕಾರಿ ಕೊಳ್ಳುವುದು, ವೈದ್ಯರ ಸರದಿ ಹಿಡಿಯುವುದು, ತಂಗಿಯೊಡನೆ ಜಗಳವಾಡುವುದು, ಎಲ್ಲವೂ ಒಂದೇ ಆ್ಯಪಿನ ಒಳಗೆ. ಆ ಆ್ಯಪು ಯಾವ ಫೋನಿನಲ್ಲೂ ಓಡುತ್ತದೆ. ಹಾಗಿರುವಾಗ ಅವಳು ನಿಮ್ಮ ಫೋನನ್ನೇ ಏಕೆ ಕೊಳ್ಳಬೇಕು? ನಿಮ್ಮ ಫೋನಿನಲ್ಲಿ ಆ್ಯಪುಗಳನ್ನು ಕೊಡುವ ಅಂಗಡಿ ಇದೆಯಲ್ಲ, ಅದು ನಮ್ಮಲ್ಲಿ ತೆರೆಯುವುದೇ ಇಲ್ಲ. ನಮ್ಮ ಬೀದಿಯಲ್ಲಿ ಏಳು ಫೋನಿನ ಅಂಗಡಿಗಳಿವೆ. ಎರಡು ತಿಂಗಳಿಗೊಮ್ಮೆ ಹೊಸ ಫೋನು ಬರುತ್ತದೆ. ಕೆಟ್ಟರೆ ಅರ್ಧ ಗಂಟೆಯಲ್ಲಿ ಸರಿಮಾಡಿ ಕೊಡುತ್ತಾರೆ. ನಿಮ್ಮದು ಕೆಟ್ಟರೆ ಕುವೈತಿಗೆ ಕಳುಹಿಸಬೇಕೇ? ದೊಡ್ಡ ದೊಡ್ಡ ವಿದೇಶಿ ಕಂಪನಿಗಳು ಬಂದು ಫಲಕ ಹಾಕಿದವು, ಫಲಕ ತೆಗೆದು ಹೋದವು. ಒಂದರ ಫಲಕದ ತಗಡು ಈಗ ನನ್ನ ತಾಯಿಯ ಕೋಳಿಗೂಡಿನ ಮಾಡಾಗಿದೆ."

ಉಸಿರು ತೆಗೆದುಕೊಂಡು, ದನಿ ತಗ್ಗಿಸಿ ಇನ್ನೊಂದು ಹೇಳಿದರು. "ನೋಖದಾ ಮಾಡುವ ಕಾರ್ಖಾನೆ ನನಗೆ ಗೊತ್ತು. ಅದೇ ಫೋನನ್ನು ಬೇರೆ ಹೆಸರಿನಲ್ಲಿ ಅವರು ನಮ್ಮ ಸಂತೆಯಲ್ಲಿ ಅರ್ಧ ಬೆಲೆಗೆ ಮಾರುತ್ತಾರೆ."

ಸುಕೇಶನ ಬಾಯಿ ತೆರೆದೇ ಇತ್ತು. "ಹಾಗಾದ್ರೆ ಹನ್ನೊಂದು ದಿನ ಸ್ಟಡಿ ಮಾಡ್ತೇವೆ, ಸ್ಟಡಿ ಮಾಡ್ತೇವೆ ಅಂದದ್ದು?"

"ನೀನು ಬೈಂದೂರಿಗೆ ಹೆಣ್ಣು ನೋಡಲು ಹೋಗಿದ್ದೆಯಲ್ಲ, ಅವರು ಏನು ಹೇಳಿದ್ದರು?"

"ನೋಡುವಾ ಅಂದಿದ್ರು."

"ಆಮೇಲೆ?"

"ಆಮೇಲೆ ಎಂತ... ನಾನು ದೀಕ್ಷಿತಾಳನ್ನು ಮದುವೆ ಆದೆ."

"ಬೈಂದೂರಿನವರು ಈಗಲೂ ನೋಡುತ್ತಲೇ ಇದ್ದಾರೆ."

ಸುಕೇಶ್ ಮರಳಿನ ಮೇಲೆ ಕೂತುಬಿಟ್ಟ.

ನಾನು ಶೆನ್ ಅವರನ್ನು ಕೇಳಿದೆ, "ಮೊದಲ ದಿನವೇ ಆಗುವುದಿಲ್ಲ ಎಂದು ಏಕೆ ಹೇಳಲಿಲ್ಲ?"

"ಮೊದಲ ದಿನವೇ ಕುರಿ ಬಂತು. ಕುರಿ ತಿಂದ ಬಾಯಲ್ಲಿ ಆಗದು ಎನ್ನುವುದು ಹೇಗೆ? ಮರುದಿನ ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಎರಡನೆಯ ಕುರಿ ಬಂತು."

ಸುಕೇಶ್ ತಲೆಯೆತ್ತಿದ. "ಅವರಿಗೆ ಹುಷಾರಿಲ್ಲ ಅಂತ ಹೇಳಿ ವಿಮಾನ ಹತ್ತಿಸುವ. ಸಿಂಪಲ್."

"ಅದು ಸುಳ್ಳು. ಮತ್ತೆ, ಹುಷಾರಾದ ಮೇಲೆ ಅಬು ಬದರ್ ಪುನಃ ಕರೆಸುತ್ತಾರೆ. ನನ್ನ ಗುಂಡಿ ಆಗಲೂ ಒತ್ತುವುದಿಲ್ಲ."

ಆಮೇಲೆ ಆ ಫೋನನ್ನು ಬಾಯಿಯ ಹತ್ತಿರ ಹಿಡಿದು, ಕಾರ್ಮೆಲಳ ಎರಡು ಮೆಟ್ಟಿಲನ್ನು ಕೊರಗಪ್ಪ ಮಾಸ್ತರರ ಕನ್ನಡದಲ್ಲಿ ಶೆನ್ ಅವರಿಗೆ ವಿವರಿಸಿದೆ. ಅವರು ಗಮನವಿಟ್ಟು ಕೇಳಿದರು. ಕೊನೆಗೆ ಎದ್ದು ನಿಂತು, "ನಿಮ್ಮ ಪತ್ನಿಯವರನ್ನು ನಾನು ಕಾಣಬಹುದೇ?" ಎಂದು ಕೇಳಿಸಿದರು.

"ಇಲ್ಲ" ಎಂದೆ. ಆ ಹನ್ನೊಂದು ದಿನಗಳಲ್ಲಿ ಆ ಶಬ್ದವನ್ನು ಮೊದಲು ಹೇಳಿದವನು ನಾನೇ.

ಮರುದಿನ ಶುಕ್ರವಾರ. ನಮಾಜು ಮುಗಿಸಿ ಅಬು ಬದರ್ ನಮ್ಮನ್ನೆಲ್ಲ ವಫ್ರಾದ ತಮ್ಮ ತೋಟಕ್ಕೆ ಊಟಕ್ಕೆ ಕರೆದುಕೊಂಡು ಹೋದರು. ಟೊಮೆಟೊ ಬೆಳೆಯುವ ಹಸಿರುಮನೆಗಳ ಸಾಲಿನ ಪಕ್ಕದಲ್ಲಿ ಚಪ್ಪರ, ಚಪ್ಪರದ ಕೆಳಗೆ ಜಮಖಾನೆ, ಜಮಖಾನೆಯ ಮಧ್ಯೆ ಹನ್ನೆರಡನೆಯ ಕುರಿ. ಅಬು ಬದರ್ ಎಂದಿನಂತೆ ನೋಖದಾವನ್ನು ಎಲ್ಲರಿಗೂ ಕಾಣುವ ಹಾಗೆ ಎದುರಿಗೆ ಇಟ್ಟುಕೊಂಡು ಕೂತರು.

ಎರಡು ತುತ್ತಿನ ನಂತರ ಶೆನ್ ಕೈ ಒರೆಸಿಕೊಂಡು ತಮ್ಮ ಫೋನಿಗೆ ಮಾತಾಡತೊಡಗಿದರು. ಅದು ಅರಬ್ಬಿಯಲ್ಲಿ ಹೇಳಿತು.

"ಯಜಮಾನರೇ, ನಾನು ಅಧ್ಯಯನ ಮುಗಿಸಿದೆ. ನಿಮ್ಮ ಫೋನು ದೊಡ್ಡ ಮನೆತನದ ಹುಡುಗ. ನಮ್ಮ ಪೇಟೆ ಅವನಿಗೆ ಸಾಲದು. ನಮ್ಮಲ್ಲಿ ಫೋನನ್ನು ಮೀನಿನ ಹಾಗೆ ಕೂಗಿ ಮಾರುತ್ತಾರೆ. ಬೆಳಿಗ್ಗೆಯದು ಸಂಜೆಗೆ ಹಳತು. ಹತ್ತು ವರ್ಷ ಬಾಳುವ ಹುಡುಗನನ್ನು ಅಂಥಲ್ಲಿಗೆ ಕಳುಹಿಸಬಹುದೇ ಎಂದು ನನಗೆ ನಾಚಿಕೆಯಾಗುತ್ತದೆ."

ಅಬು ಬದರ್ ಅವರ ಮುಖ ಅರಳಿತು. ಅವರು ಕೈಯೆತ್ತಿ, "ನಾಚಿಕೆ ಬೇಡ ಸಹೋದರ! ನೀನು ನನ್ನವನು. ನಾವೂ ಕೂಗುತ್ತೇವೆ. ಬೆಲೆ ಇಳಿಸುತ್ತೇವೆ. ಹೊಂದಿಕೊಳ್ಳುತ್ತೇವೆ" ಎಂದರು.

ಶೆನ್ ನನ್ನ ಕಡೆ ನೋಡಿದರು. ಆ ನೋಟ ನನಗೆ ಗೊತ್ತಿತ್ತು. ಸೋಲೊಪ್ಪುವ ಮೊದಲಿನ ನೋಟ. ಅವರ ಬಾಯಿ 'ಅಧ್ಯಯನ' ಎನ್ನಲು ತೆರೆಯುತ್ತಿತ್ತು. ನಾನು ಕುರಿಯ ಬಾಲದ ಕೊಬ್ಬಿನ ದೊಡ್ಡ ತುಂಡೊಂದನ್ನು ತೆಗೆದು, ಬಹಳ ಉಪಚಾರದಿಂದ ಅವರ ಬಾಯಿಗೇ ಇಟ್ಟೆ. ಮಾತು ಒಳಗೇ ಉಳಿಯಿತು.

"ಸಾರ್," ಎಂದೆ ಅಬು ಬದರ್ ಅವರಿಗೆ, "ಹೊಂದಿಕೊಳ್ಳುವುದಾದರೆ ಹುಡುಗ ಇಲ್ಲಿ ಏನೇನು ಬಿಟ್ಟು ಹೋಗಬೇಕೆಂದು ಒಮ್ಮೆ ಕೇಳಿಬಿಡೋಣವೇ?"

"ಕೇಳು ಕೇಳು."

ಶೆನ್ ಕೊಬ್ಬನ್ನು ಕಷ್ಟಪಟ್ಟು ನುಂಗಿದರು. ಆ್ಯಪಿನ ಅಂಗಡಿ ತೆಗೆಯಬೇಕು ಎಂದರು. "ತೆಗೆಯೋಣ" ಎಂದರು ಅಬು ಬದರ್. ಮಾಹಿತಿಯನ್ನೆಲ್ಲ ಚೀನಾದಲ್ಲೇ ಇಡಬೇಕು ಎಂದರು. "ಇಡೋಣ." ಪ್ರಾರ್ಥನೆಯ ಗಂಟೆಗೆ ಅನುಮತಿ ಕೇಳಬೇಕು, ಸಿಕ್ಕದೆಯೂ ಹೋಗಬಹುದು ಎಂದರು. ಅಬು ಬದರ್ ಅವರ ಹುಬ್ಬು ಸ್ವಲ್ಪ ಗಂಟಾಯಿತು. "ಹೂಂ, ಇನ್‌ಶಾ ಅಲ್ಲಾ" ಎಂದರು.

"ಇನ್ನು ಹೆಸರು," ಎಂದಿತು ಫೋನು. "ನೋಖದಾ ಎಂಬುದು ನಮ್ಮವರ ನಾಲಿಗೆಗೆ ಹತ್ತುವುದಿಲ್ಲ. ವಿದೇಶದ ವಸ್ತುವಿಗೆ ನಮ್ಮಲ್ಲಿ ಒಂದು ಚೀನೀ ಹೆಸರು ಬೇಕು. ನಾನು ಯೋಚಿಸಿ ಇಟ್ಟಿದ್ದೇನೆ. ಭಾಗ್ಯದ ಕುದುರೆ."

ಅಬು ಬದರ್ ಕೈಯಲ್ಲಿದ್ದ ಅನ್ನದ ಉಂಡೆಯನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟರು.

"ಲಾ."

ಅರಬ್ಬಿಯಲ್ಲಿ ಇಲ್ಲ ಎನ್ನಲು ಅಷ್ಟೇ ಸಾಕು. ನಾನು ಮನಸ್ಸಿನಲ್ಲೇ ಶಿಲುಬೆಯ ಗುರುತು ಮಾಡಿಕೊಂಡೆ.

"ನನ್ನ ಅಜ್ಜ ಮೂವತ್ತು ಮಂದಿ ಮುಳುಗುಗಾರರನ್ನು ಕಡಲಿಗೆ ಕರೆದುಕೊಂಡು ಹೋಗಿ, ಮೂವತ್ತು ಮಂದಿಯನ್ನೂ ಹಿಂದಕ್ಕೆ ತಂದವರು. ಅವರು ಕುದುರೆ ಆಗುವುದಿಲ್ಲ. ಚೀನಾ ಖಲಾಸ್."

ಆಮೇಲೆ ಅವರಿಗೇ ಗಾಬರಿಯಾಯಿತು. ಅನ್ನಕ್ಕೆ ಕೂತ ಅತಿಥಿಗೆ ಇಲ್ಲ ಎಂದುಬಿಟ್ಟಿದ್ದರು! ಎದ್ದು ಬಂದು ಶೆನ್ ಅವರನ್ನು ತಬ್ಬಿಕೊಂಡು ಕ್ಷಮೆ ಕೇಳಿದರು. ಶೆನ್ ಕಣ್ಣೊರೆಸಿಕೊಂಡರು. ಅವರಿಗೆ ಬಹಳ ನೋವಾಗಿದೆ ಎಂದು ಅಬು ಬದರ್ ತಿಳಿದರು. "ಇನ್ನೆರಡು ದಿನ ಇದ್ದು ಹೋಗು. ನಾಳೆ ಒಂದು ಕುರಿ..."

ಶೆನ್ ನನ್ನ ತೋಳು ಹಿಡಿದರು.

"ಸಾರ್, ಭಾನುವಾರ ಅವರ ಮೊಮ್ಮಗನ ಔತಣ" ಎಂದೆ. ಅದು ನಿಜವೇ ಆಗಿತ್ತು.

"ಮೊಮ್ಮಗನೋ! ಮೊದಲೇ ಹೇಳಬಾರದಿತ್ತೇ? ಯಲ್ಲಾ, ಇವತ್ತೇ ವಿಮಾನ!" ಎಂದರು. ಹಾಗೆಂದವರೇ ನನ್ನ ಮುಖ ನೋಡಿದರು. "ನಿನ್ನ ಕಾರ್ಮೆಲಳ ಪೂಜೆ ಯಾವತ್ತು ಎಂದಿದ್ದೆ?" ಎಂದು ಮೆಲ್ಲಗೆ ಕೇಳಿದರು.

"ಇಪ್ಪತ್ತೊಂದಕ್ಕೆ."

ಅವರು ನೋಖದಾವನ್ನು ಎತ್ತಿಕೊಂಡು ಒತ್ತಿದರು. ಪುನಃ ಒತ್ತಿದರು. ದೂರ ಹಿಡಿದು ನೋಡಿದರು. ಆಮೇಲೆ ನಮ್ಮೆಲ್ಲರಿಗೂ ಸ್ವಲ್ಪ ಬೆನ್ನು ತಿರುಗಿಸಿ, ನಿಲುವಂಗಿಯ ಒಳ ಕಿಸೆಯಿಂದ ತೆಳ್ಳಗಿನ, ಹೊಳೆಯುವ ಇನ್ನೊಂದು ಫೋನು ತೆಗೆದು ಟಕ್ಕನೆ ಗುಂಡಿ ಒತ್ತಿದರು. ಶೆನ್ ಆ ಫೋನನ್ನು ಕಂಡು, ದೂರದೇಶದಲ್ಲಿ ಪಕ್ಕದ ಮನೆಯ ಹುಡುಗ ಸಿಕ್ಕಿದ ಹಾಗೆ ಮುಖ ಅರಳಿಸಿದರು. ಸುಕೇಶ್ ಕೆಮ್ಮಿದ. ನಾನು ಟೊಮೆಟೊ ಗಿಡಗಳ ಕಡೆ ನೋಡಿದೆ.

ಕಾರು ಹತ್ತುವಾಗ ಅಬು ಬದರ್ ಆರು ನೋಖದಾಗಳ ಚೀಲವೊಂದನ್ನು ನನ್ನ ಕೈಗಿತ್ತರು. "ರುಡಾಲ್ಫ್, ನಿನ್ನ ದೇಶವೂ ಚೀನಾದಷ್ಟೇ ದೊಡ್ಡದಲ್ಲವೇ? ನಿಮ್ಮ ಊರಿನಲ್ಲಿ ಇದು ನಡೆಯುತ್ತದೆಯೇ?"

ಗುಂಡಿ ಒತ್ತಿ ಆಗಿತ್ತು. ಆದರೆ ಹನ್ನೆರಡು ಕುರಿಯನ್ನು ನಾನೂ ತಿಂದಿದ್ದೆ. ನಮ್ಮ ಭಾಷೆಯೇ ಬಾಯಿಗೆ ಬಂತು.

"ನೋಡುವಾ ಸಾರ್."

"ಏನಂದ?" ಎಂದು ಅವರು ಸುಕೇಶನನ್ನು ಕೇಳಿದರು.

ಸುಕೇಶ್ ನೆಟ್ಟಗೆ ನಿಂತು, "ಇನ್‌ಶಾ ಅಲ್ಲಾ ಅಂದ್ರು ಸರ್" ಎಂದ. ಅಬು ಬದರ್ ಸಂತೋಷದಿಂದ ನನ್ನ ಎರಡೂ ಕೆನ್ನೆಗೆ ಕೆನ್ನೆ ತಾಗಿಸಿದರು.

ಊರಿನಲ್ಲಿ ಬಲಿಪೂಜೆಗೆ ಮೊದಲು ಪಾಪನಿವೇದನೆಗೆ ಹೋದೆ. ಯಜಮಾನರಿಗೆ ನೋಡುವಾ ಎಂದೆ ಎಂದು ಹೇಳಿದೆ. ಪಾದ್ರಿಗಳು "ಎಷ್ಟು ಸಲ?" ಎಂದು ಕೇಳಿದರು. ಒಂದೇ ಸಲ ಎಂದೆ. ಪ್ರಾಯಶ್ಚಿತ್ತಕ್ಕೆ ಮೂರು 'ನಮೋ ಮರಿಯ' ಹೇಳಲು ತಿಳಿಸಿದರು. ಅವರ ದನಿಯಲ್ಲಿ ನಗು ಇದ್ದ ಹಾಗಿತ್ತು.

ಪೂಜೆಯಾಗಿ, ನೆಂಟರಿಗೆಲ್ಲ ಊಟವಾಗಿ, ಮಧ್ಯಾಹ್ನದ ಮೇಲೆ ನಾನೂ ಲೊರೈನಳೂ ಪುನಃ ಸಮಾಧಿಯ ಬಳಿಗೆ ಹೋದೆವು. ಕಾರ್ಮೆಲಳಿಗೆ ಎಲ್ಲವನ್ನೂ ಹೇಳಿದೆ, ಬಾಲದ ಕೊಬ್ಬಿನ ವಿಷಯವನ್ನೂ ಬಿಡಲಿಲ್ಲ. ಅಷ್ಟರಲ್ಲಿ ಕಿಸೆಯಲ್ಲಿದ್ದ ನೋಖದಾ ಗಂಟೆ ಹೊಡೆಯತೊಡಗಿತು. ಸಿಮ್ ತೆಗೆದಿಟ್ಟಿದ್ದರಿಂದ ಅದು ಇನ್ನೂ ಕುವೈತಿನ ಹೊತ್ತಿನಲ್ಲೇ ಇತ್ತು. ಇಲ್ಲಿ ಎರಡೂವರೆ, ಜಾಬ್ರಿಯಾದಲ್ಲಿ ಹನ್ನೆರಡು.

ನಾನು ಕೈಮುಗಿದು ನಿಂತೆ. ಮುಗಿಸಿದ ಮೇಲೆ ಲೊರೈನ್ ಫೋನಿಗೆ ಕೈಚಾಚಿದಳು. "ಪಪ್ಪಾ, ಟೈಮ್ ರಾಂಗ್ ಉಂಟು. ಕೊಡಿ, ಸರಿ ಮಾಡ್ತೇನೆ."

ನಾನು ಅದನ್ನು ಪುನಃ ಕಿಸೆಗೆ ಹಾಕಿಕೊಂಡೆ.

"ನೋಡುವಾ" ಎಂದೆ.